ಪ್ರಯೋಗಕ್ಕೆ ಹೊಲ ಕೊಡುವ ಮುನ್ನ

ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ನಮ್ಮ ಕಡೆ ಎರಡು ಬಗೆಯ ಜೀಪುಗಳು ಬರುತ್ತವೆ. ಒಂದು ಬೆಳೆಗೆ ಹೊಡೆಯುವ ಔಷಧದ ಕಂಪನಿಯವರದು, ಇನ್ನೊಂದು ಕೃಷಿ ವಿಶ್ವವಿದ್ಯಾಲಯದವರದು. ಮೊದಲನೆಯವರು ಟೋಪಿ, ಗೋಡೆ ಕ್ಯಾಲೆಂಡರ್ ಕೊಟ್ಟು ಹೋಗುತ್ತಾರೆ. ಎರಡನೆಯವರು ಚಹಾ ಕುಡಿದು, ಮಳೆ ಬೆಳೆ ವಿಚಾರಿಸಿ, ಕೊನೆಗೆ ಒಂದು ಫಾರಂ ಮುಂದಿಟ್ಟು, "ಯಜಮಾನರೇ, ಪ್ರಯೋಗಕ್ಕೆ ಒಂದು ಎಕರೆ ಕೊಡುತ್ತೀರಾ?" ಎಂದು ಕೇಳುತ್ತಾರೆ. ಅವರ ಯೋಜನೆಯಲ್ಲಿ ರಾಯಚೂರಿನವರಷ್ಟೇ ಅಲ್ಲ, ಹೈದರಾಬಾದಿನವರೂ ಇರಬಹುದು, ಹೊರದೇಶದ ವಿಶ್ವವಿದ್ಯಾಲಯದವರೂ ಇರಬಹುದು.

ಕಾರಟಗಿ ಮತ್ತು ಸಿಂಧನೂರಿನ ನಡುವೆ, ತುಂಗಭದ್ರಾ ಎಡದಂಡೆಯ ಉಪಕಾಲುವೆಯ ಕೊನೆ ಭಾಗದಲ್ಲಿ ನನ್ನ ಗದ್ದೆ ಇದೆ. ಇದುವರೆಗೆ ಮೂರು ಸಲ ಪ್ರಯೋಗಕ್ಕೆ ಕೊಟ್ಟಿದ್ದೇನೆ. ಒಂದರಿಂದ ಉಪಯೋಗವಾಯಿತು. ಒಂದನ್ನು ನಾನೇ ಕೆಡಿಸಿದೆ. ಇನ್ನೊಂದರ ಫಲಿತಾಂಶ ಇಂದಿಗೂ ನನಗೆ ತಲುಪಿಲ್ಲ. ಆ ತಂಡ ಒಂದು ಹಂಗಾಮು ಬಂದು ಅಳೆದು, ಬರೆದುಕೊಂಡು ಹೋದದ್ದು, ಮತ್ತೆ ಬರಲಿಲ್ಲ. ಈ ಮೂರರಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಉದಾಹರಣೆಗಳು ಭತ್ತದವು. ಬಳ್ಳಾರಿ ಬಳಿಯ ಹಗರಿಯ ಎರೆ ಹೊಲದಲ್ಲಿ ಕಡಲೆ ಬೆಳೆಯುವವರಿಗೂ ಕ್ರಮ ಇದೇ.

ಹಂತ 1: ನಿಮ್ಮ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ

ಸಂಶೋಧಕರು ತಮ್ಮ ಪ್ರಶ್ನೆಯನ್ನು ಜೊತೆಗೇ ತಂದಿರುತ್ತಾರೆ, ಏಕೆಂದರೆ ಹಣ ಮಂಜೂರಾಗಿರುವುದೇ ಆ ಪ್ರಶ್ನೆಗೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ನಿಮ್ಮ ಗದ್ದೆಗೆ ಹೊಂದುತ್ತದೆಯೇ ಎಂದು ನೋಡಬೇಕಾದವರು ನೀವು.

ನೀರಿನ ಕೊಳವೆಯ ವಿಷಯವನ್ನೇ ತೆಗೆದುಕೊಳ್ಳಿ. ಸುಮಾರು ಒಂದು ಅಡಿ ಉದ್ದದ ಪಿವಿಸಿ ಪೈಪು. ಕೆಳಗಿನ ಅರ್ಧಕ್ಕೆ ತೂತು ಕೊರೆದಿರುತ್ತಾರೆ. ಅದನ್ನು ಗದ್ದೆಯಲ್ಲಿ ಹೂಳಿ ಒಳಗಿನ ಮಣ್ಣು ತೆಗೆದರೆ, ನೆಲದೊಳಗೆ ನೀರು ಎಷ್ಟು ಕೆಳಗಿಳಿದಿದೆ ಎಂದು ಇಣುಕಿ ನೋಡಬಹುದು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಹೋದಾಗ ಮತ್ತೆ ಹಾಯಿಸಬೇಕು, ಅಲ್ಲಿಯವರೆಗೆ ಹಾಯಿಸುವುದು ಬೇಡ. ನಾಟಿಯಾದ ಮೊದಲ ಒಂದೆರಡು ವಾರ ಮತ್ತು ಹೂವಾಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಹೀಗೆ ಮಾಡಿದರೆ ಶೇ 30ರವರೆಗೆ ನೀರು ಉಳಿಯುತ್ತದೆ ಎಂದು ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ. ನಿಂತ ನೀರಿನ ಕೆಳಗೆ ಗಾಳಿಯಿಲ್ಲದ ಕೆಸರಿನಲ್ಲಿ ಹುಟ್ಟುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ. ಹೊರದೇಶದವರಿಗೆ ನಮ್ಮ ಗದ್ದೆಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿದ್ದರ ಒಂದು ಕಾರಣ ಇದೇ ಮೀಥೇನ್.

ಪೈಪು ಸುಳ್ಳು ಹೇಳುವುದಿಲ್ಲ. ಆದರೆ ಕೊನೆ ಭಾಗದ ಗದ್ದೆಯಲ್ಲಿ ಪೈಪು "ಈಗ ನೀರು ಹಾಯಿಸು" ಎಂದ ದಿನ ಕಾಲುವೆಯಲ್ಲಿ ನೀರು ಇರಬೇಕಲ್ಲ? ಬೋರ್‌ವೆಲ್ ಇದ್ದವನಿಗೆ ಈ ಪದ್ಧತಿ ಸಲೀಸು. ಸರದಿಯ ಮೇಲೆ ನೀರು ಪಡೆಯುವವನು ಮುಂದಿನ ಸರದಿ ತಪ್ಪೀತೆಂಬ ಭಯಕ್ಕೆ ಸಿಕ್ಕ ನೀರನ್ನೆಲ್ಲ ಗದ್ದೆಯಲ್ಲಿ ಕಟ್ಟಿ ನಿಲ್ಲಿಸುತ್ತಾನೆ. ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದಾಗ ಈ ನೀರು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ ಎಂದಿತ್ತು. ಭತ್ತಕ್ಕೆ ಇಟ್ಟ ಪಾಲು ಚಿಕ್ಕದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಕೊನೆಗೆ ನೀರು ಬರುವುದು ತಡವಾಯಿತು. ಹೂಳು ತುಂಬಿ 133 ಟಿಎಂಸಿ ಅಡಿಯ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಹೀಗಿರುವಾಗ ನನ್ನ ಪ್ರಶ್ನೆ "ಎಷ್ಟು ನೀರು ಉಳಿಸಬಹುದು?" ಎಂಬುದಲ್ಲ. "ನೀರು ಇಪ್ಪತ್ತು ದಿನ ತಡವಾಗಿ ಬಂದರೆ ನಾಟಿ ಒಳ್ಳೆಯದೋ, ಮಳೆಗೇ ಕೂರಿಗೆಯಲ್ಲಿ ಬಿತ್ತಿಬಿಡುವುದು ಒಳ್ಳೆಯದೋ?" ಎಂಬುದು.

ನಾನು ಇದನ್ನು ಹೇಳಿದಾಗ ಬಂದವರು ಮುಖ ಸಿಂಡರಿಸಲಿಲ್ಲ, ಬರೆದುಕೊಂಡರು. ಉಪಯೋಗವಾದ ಪ್ರಯೋಗ ಎಂದೆನಲ್ಲ, ಅದು ಶುರುವಾದದ್ದು ಹೀಗೆ.

ಪ್ರಶ್ನೆ ಅಳತೆಗೆ ಸಿಗುವಂತಿರಲಿ. "ಇಳುವರಿ ಯಾಕೆ ಬರುತ್ತಿಲ್ಲ?" ಎಂದರೆ ಉತ್ತರ ಹೇಳುವವರು ಸಾವಿರ ಜನ. "ಹಳ್ಳದ ಕಡೆಯ ಅರ್ಧ ಎಕರೆಯಲ್ಲಿ ಬೆಳೆ ಸುಟ್ಟಂತಾಗುತ್ತದೆ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣುತ್ತದೆ" ಎಂದರೆ ಅದಕ್ಕೊಂದು ದಾರಿ ಇದೆ.

ಹಂತ 2: ಯಾರ ಬಳಿ ಹೋಗಬೇಕು

ಜೀಪು ಬರಲೆಂದು ಕಾಯುವುದಕ್ಕಿಂತ ನೀವೇ ಹೋಗುವುದು ಮೇಲು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೇರಿದ್ದು 2009ರಲ್ಲಿ ಶುರುವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ. ಆದರೆ ಎಲ್ಲದಕ್ಕೂ ರಾಯಚೂರಿನ ಬಸ್ ಹತ್ತಬೇಕಾಗಿಲ್ಲ. ಸವಳು–ಜವಳು (ಉಪ್ಪೇರಿದ, ನೀರು ನಿಂತು ಕೆಟ್ಟ ನೆಲ) ಮತ್ತು ಭತ್ತಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಜೊತೆ ಅಖಿಲ ಭಾರತ ಯೋಜನೆಯಲ್ಲಿ ಸೇರಿ ಕೆಲಸ ಮಾಡುವ ಕೇಂದ್ರ ಅದು. ಬಳ್ಳಾರಿ ಕಡೆಯವರಿಗೆ ಸಿರುಗುಪ್ಪ ಹತ್ತಿರ. ಮಳೆಯಾಶ್ರಿತ ಎರೆ ಭೂಮಿಯ ಕಡಲೆ, ಜೋಳ, ನವಣೆಗೆ ಹಗರಿ. ತೋಟದ ಬೆಳೆಗಳು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಒಂದು ಕಾಲೇಜು ಮುನಿರಾಬಾದಿನಲ್ಲಿದೆ. ಬೆಳೆಯಲ್ಲಿ ಔಷಧದ ಅಂಶ ಉಳಿದಿದೆಯೇ ಎಂದು ನೋಡುವ ಪ್ರಯೋಗಾಲಯ ರಾಯಚೂರಿನ ಆವರಣದಲ್ಲೇ ಇದೆ. ಮೆಣಸಿನಕಾಯಿ ಬೆಳೆದು ಹೊರಗೆ ಕಳಿಸುವ ಕನಸಿರುವ ರೈತ ಉತ್ಪಾದಕ ಕಂಪನಿಗಳು ಇದನ್ನು ನೆನಪಿಡಬೇಕು.

ಮೊದಲ ಭೇಟಿಗೆ ಸರಿಯಾದ ಜಾಗ ಕೃಷಿ ವಿಜ್ಞಾನ ಕೇಂದ್ರ. ರಾಯಚೂರು, ಗಂಗಾವತಿ, ಹಗರಿ ಮೂರರಲ್ಲೂ ಇದೆ. ಅಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ, ನಮ್ಮವರು ಎರಡನ್ನೂ ಒಂದೇ ಎಂದುಕೊಂಡು ಆಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಮುಂಚೂಣಿ ಪ್ರಾತ್ಯಕ್ಷಿಕೆ ಎಂದರೆ ಈಗಾಗಲೇ ಶಿಫಾರಸಾದ ತಳಿಯನ್ನೋ ಪದ್ಧತಿಯನ್ನೋ ನಿಮ್ಮ ಹೊಲದಲ್ಲಿ ಮಾಡಿ ತೋರಿಸುವುದು. ಕ್ಷೇತ್ರ ಪ್ರಯೋಗ ಎಂದರೆ ನಿಮ್ಮ ಹೊಲಕ್ಕೆ ಅದು ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು. ಫಲಿತಾಂಶ ಅವರಿಗೂ ಗೊತ್ತಿರುವುದಿಲ್ಲ. ಮೊದಲನೆಯದರಲ್ಲಿ ಬೆಳೆ ಬರಲಿಲ್ಲವೆಂದರೆ ಕೇಳುವ ಹಕ್ಕಿದೆ. ಎರಡನೆಯದರಲ್ಲಿ ಬೆಳೆ ಬರದಿರುವುದೂ ಒಂದು ಉತ್ತರವೇ. ಫಾರಂ ಮುಂದಿಟ್ಟಾಗ ಇದು ಯಾವುದು ಎಂದು ಕೇಳಿಬಿಡಿ.

ಹೋಗುವುದಾದರೆ ಬೇಸಿಗೆಗೆ ಮುಂಚೆ ಹೋಗಿ. ವರ್ಷದ ಕಾರ್ಯಕ್ರಮ ಮುಂಗಾರಿಗೆ ಬಹಳ ಮೊದಲೇ ಗೊತ್ತಾಗಿರುತ್ತದೆ; ಜೂನ್‌ನಲ್ಲಿ ಹೋದವನಿಗೆ ಸಿಗುವುದು ಚಹಾ ಮಾತ್ರ. ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ, ಅದರಲ್ಲಿ ರೈತ ಪ್ರತಿನಿಧಿಗಳಿಗೂ ಜಾಗವಿದೆ. ನಿಮ್ಮ ತಾಲ್ಲೂಕಿನ ಪ್ರತಿನಿಧಿ ಯಾರೆಂದು ವಿಚಾರಿಸಿ, ಬರೆದಿಟ್ಟ ಪ್ರಶ್ನೆಯನ್ನು ಅವರ ಕೈಗೆ ಕೊಡಿ.

ಇಷ್ಟೆಲ್ಲ ಓಡಾಟದಿಂದ ಏನಾದರೂ ಬರುತ್ತದೆಯೇ ಎಂದು ಕೇಳುವವರು ತಮ್ಮ ಬಿತ್ತನೆ ಚೀಲವನ್ನೇ ನೋಡಬಹುದು. ಜೆಜಿ–11 ಕಡಲೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ (ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯ ಸೇರಿ ಕೊಟ್ಟ ತಳಿ, 1999ರಲ್ಲಿ ಬಿಡುಗಡೆಯಾದದ್ದು. 'ಗಂಗಾವತಿ ಸೋನಾ' ಭತ್ತ ಹುಟ್ಟಿದ್ದು ಇಲ್ಲೇ, ಹೆಸರಿನಲ್ಲೇ ಊರಿದೆ.

ಹಂತ 3: ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ನಾಚಿಕೆ ಬಿಟ್ಟು ಕೇಳಿ. ಬೀಜ, ಗೊಬ್ಬರ, ಔಷಧದ ಖರ್ಚು ಯಾರದು? ಹೆಚ್ಚುವರಿ ಕೂಲಿ ಯಾರದು? ಬೆಳೆ ಹೋದರೆ ನಷ್ಟ ತುಂಬಿಕೊಡುತ್ತಾರೋ ಇಲ್ಲವೋ? ಹೊಸ ಔಷಧ ಸಿಂಪಡಿಸುವುದಾದರೆ ಕಾಳು ಮಾರಬಹುದೇ, ಮೇವನ್ನು ಎಮ್ಮೆಗೆ ಹಾಕಬಹುದೇ? ಅಳೆಯಲು ಯಾರು, ಎಷ್ಟು ಸಲ ಬರುತ್ತಾರೆ? ಉತ್ತರಗಳನ್ನು ಅದೇ ಫಾರಂ ಹಿಂದೆ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ. ಅದು ಇಲ್ಲವೆಂದರೆ ನಾಳೆ ಬನ್ನಿ ಎನ್ನಿ. ನಾಳೆ ಅವರು ಬಂದೇ ಬರುತ್ತಾರೆ. ಹೊಲ ಬೇಕಿರುವುದು ಅವರಿಗೆ.

ಬೀಜದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಜ್ಜಿಯ ಕಾಲದಿಂದ ಮನೆಯಲ್ಲಿ ಉಳಿದ ಸಜ್ಜೆಯನ್ನೋ ಜೋಳವನ್ನೋ "ಒಂದು ಹಿಡಿ ಕೊಡಿ" ಎಂದು ಕೇಳುವವರಿದ್ದಾರೆ. ಕೊಡಬೇಡಿ ಎನ್ನುವುದಿಲ್ಲ, ಬೀಜ ಓಡಾಡಿದರೇ ಉಳಿಯುತ್ತದೆ. ಆದರೆ ಯಾರಿಗೆ, ಯಾವಾಗ, ಎಷ್ಟು ಕೊಟ್ಟಿರಿ ಎಂದು ಬರೆದಿಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ, ರೈತ ಉಳಿಸಿ ಬೆಳೆಸಿದ ತಳಿಯನ್ನು ರೈತನ ಹೆಸರಿನಲ್ಲೇ ನೋಂದಾಯಿಸಬಹುದು, ಅದಕ್ಕೆ ನೋಂದಣಿ ಶುಲ್ಕವಿಲ್ಲ. ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಂಪನಿಯ ಹೆಸರು ಹಾಕಿ, ಅವರದೇ ಚೀಲದಲ್ಲಿ ತುಂಬಿ ಮಾರುವಂತಿಲ್ಲ, ಅಷ್ಟೇ. ಇನ್ನು ಬೀಜವೋ ಮಣ್ಣಿನ ಸೂಕ್ಷ್ಮಜೀವಿಯೋ ಸಂಶೋಧನೆಗಾಗಿ ಹೊರದೇಶದ ಸಂಸ್ಥೆಯ ಕೈಗೆ ಹೋಗುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಸರ್ಕಾರದ ಮಾರ್ಗಸೂಚಿಯಂತೆ ಮಂಜೂರಾದ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ. "ನಿಮ್ಮದು ಯಾವುದು, ಪತ್ರ ತೋರಿಸಿ" ಎಂದರೆ ಸರಿಯಾದ ಸಂಶೋಧಕರು ಬೇಸರಪಡುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಅದು ಕಡತದಲ್ಲಿ ಮಾತ್ರ ಜೀವಂತ. ಎಬ್ಬಿಸಲು ಇದೊಂದು ನೆಪ.

ಹಂತ 4: ಮಣ್ಣು ತೆಗೆಯುವುದು

ಕಟಾವಾದ ಮೇಲೆ, ಗೊಬ್ಬರ ಹಾಕುವ ಮುನ್ನ ತೆಗೆಯಿರಿ. ಎಕರೆಯೊಳಗೆ ಅಂಕುಡೊಂಕಾಗಿ ನಡೆಯುತ್ತ ಹತ್ತು–ಹದಿನೈದು ಕಡೆ, ಇಂಗ್ಲಿಷಿನ 'ವಿ' ಅಕ್ಷರದಂತೆ 15 ಸೆಂಟಿಮೀಟರ್ ಗುಂಡಿ ತೋಡಿ, ಬದಿಯಿಂದ ತೆಳುವಾಗಿ ಕೆರೆದುಕೊಳ್ಳಿ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯುತ್ತ ಅರ್ಧ ಕಿಲೋ ಉಳಿಸಿ, ನೆರಳಲ್ಲಿ ಒಣಗಿಸಿ. ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಇರಲಿ. ತಗಡಿಗೆ ಸತುವಿನ ಲೇಪ ಇರುತ್ತದೆ, ಮಣ್ಣಿನಲ್ಲಿ ಇಲ್ಲದ ಸತು ವರದಿಯಲ್ಲಿ ಕಾಣಿಸಿಕೊಂಡೀತು.

ಬಿಳಿ ಪುಡಿ ಕಾಣುವ ನೆಲವಾದರೆ ಆ ತುಣುಕಿನ ಮಣ್ಣನ್ನು ಬೇರೆ ಚೀಲಕ್ಕೆ ಹಾಕಿ. ವರದಿಯಲ್ಲಿ ವಿದ್ಯುತ್ ವಾಹಕತೆ (ಇಸಿ) 4 ಡಿಎಸ್/ಮೀ ಗಿಂತ ಹೆಚ್ಚಿದ್ದು ರಸಸಾರ (ಪಿಎಚ್) 8.5ರೊಳಗಿದ್ದರೆ ಅದು ಉಪ್ಪಿನ ನೆಲ. ಬಸಿಗಾಲುವೆ ತೋಡಿ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರದ ನೆಲ, ಅದಕ್ಕೆ ಜಿಪ್ಸಂ ಬೇಕು. ನಮ್ಮ ಓಣಿಯ ಅರ್ಧ ಜನ ಬಿಳಿ ಪುಡಿ ಕಂಡ ಕೂಡಲೇ ಜಿಪ್ಸಂ ತರುತ್ತಾರೆ. ಬರೀ ಉಪ್ಪಿನ ನೆಲಕ್ಕೆ ಜಿಪ್ಸಂ ಹಾಕುವುದು ಜ್ವರಕ್ಕೆ ಹಲ್ಲುನೋವಿನ ಮಾತ್ರೆ ನುಂಗಿದಂತೆ.

ಹಂತ 5: ಹೊಲ ಹಂಚುವುದು

ಇಲ್ಲೇ ಹೆಚ್ಚಿನ ಪ್ರಯೋಗಗಳು ಹಳ್ಳ ಹಿಡಿಯುವುದು. ಹೊಸ ಪದ್ಧತಿಯನ್ನು ತೂಬಿನ ಪಕ್ಕದ ಒಳ್ಳೆಯ ಮಡಿಯಲ್ಲಿ ಮಾಡಿ, ಹಳೆಯದನ್ನು ಕೆಳಗಿನ ಮಡಿಗೆ ಬಿಟ್ಟರೆ ಹೊಸದು ಗೆದ್ದೇ ಗೆಲ್ಲುತ್ತದೆ. ಗೆದ್ದದ್ದು ಪದ್ಧತಿಯಲ್ಲ, ತೂಬು.

ಒಂದು ಎಕರೆ ಇದ್ದರೆ ಆರು ಮಡಿ ಮಾಡಿ: ಮೇಲೆ ಎರಡು, ನಡುವೆ ಎರಡು, ಕೆಳಗೆ ಎರಡು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಹಳೆಯದು, ಒಂದಕ್ಕೆ ಹೊಸದು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ನಾನು ನಾಣ್ಯ ಚಿಮ್ಮುವುದನ್ನು ನೋಡಿ ಬದುವಿನ ಮೇಲೆ ಕುಳಿತಿದ್ದವರು, "ಇದೇನು, ಜೂಜೋ ಬೇಸಾಯವೋ?" ಎಂದು ನಕ್ಕರು. ನಗಲಿ ಬಿಡಿ. ನಮ್ಮ ಕಣ್ಣು ಒಳ್ಳೆಯ ಮಣ್ಣನ್ನು ತಾನಾಗಿ ಹುಡುಕುತ್ತದೆ, ನಾಣ್ಯಕ್ಕೆ ಆ ಚಾಳಿಯಿಲ್ಲ. ನೀರಿನ ಪ್ರಯೋಗವಾದರೆ ಮಡಿಗಳ ನಡುವೆ ಎರಡು ಬದು ಹಾಕಿ ಮಧ್ಯೆ ಸಣ್ಣ ಕಾಲುವೆ ಬಿಡಿ, ಇಲ್ಲವಾದರೆ ಒಂದರ ನೀರು ಇನ್ನೊಂದಕ್ಕೆ ಬಸಿಯುತ್ತದೆ.

ಹಳೆಯ ಪದ್ಧತಿಯ ಮಡಿಯನ್ನು ಬಿಟ್ಟುಕೊಡಲೇಬೇಡಿ. "ಪೂರ್ತಿ ಎಕರೆ ಹೊಸದನ್ನೇ ಮಾಡಿ, ಪಕ್ಕದವರ ಜೊತೆ ಹೋಲಿಸೋಣ" ಎನ್ನುವವರಿದ್ದಾರೆ. ಪಕ್ಕದವರ ಮಣ್ಣು ಬೇರೆ, ನಾಟಿಯ ದಿನ ಬೇರೆ, ಸಿಟ್ಟು ಸೆಡವು ಬೇರೆ.

ಹಂತ 6: ನೋಟುಬುಕ್ಕು, ಮತ್ತು ನಾನು ಕೆಡಿಸಿದ ಪ್ರಯೋಗ

ಎರಡನೆಯ ಸಲ ಯೂರಿಯಾ ಕಡಿಮೆ ಮಾಡುವ ಪ್ರಯೋಗ. ನಾಟಿ ಮಾಡಿ ತಿಂಗಳಾಗುವಷ್ಟರಲ್ಲಿ ಕಡಿಮೆ ಯೂರಿಯಾದ ಮಡಿ ತಿಳಿಹಳದಿಗೆ ತಿರುಗಿದಂತೆ ಕಂಡಿತು. ದಾರಿಯಲ್ಲಿ ಹೋಗುವವರೆಲ್ಲ ಕೇಳತೊಡಗಿದರು. ಒಂದು ಬೆಳಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ ಆ ಮಡಿಗೆ ಎರಡು ಬೊಗಸೆ, ನಾಲ್ಕು ಬೊಗಸೆ ಎನ್ನುತ್ತ ಅರ್ಧ ಬುಟ್ಟಿ ಎರಚಿಬಿಟ್ಟೆ. ವಾರದ ಮೇಲೆ ಎಂಎಸ್ಸಿ ಓದುವ ಹುಡುಗಿ, ಎಲೆಯ ಹಸಿರು ಹೋಲಿಸಿ ಯೂರಿಯಾ ಸಾಕೋ ಇಲ್ಲವೋ ನೋಡುವ ಎಲೆ ಬಣ್ಣದ ಪಟ್ಟಿ ಹಿಡಿದು ಬಂದಳು. ಒಂದು ಎಲೆಯ ಮೇಲಿಟ್ಟು ನೋಡಿದಳು, ಇನ್ನೊಂದರ ಮೇಲಿಟ್ಟು ನೋಡಿದಳು. "ಕಾಕಾ, ಈ ಮಡಿಗೆ ಏನಾದರೂ ಹಾಕಿದ್ದೀರಾ?" ಎಂದಳು. ಇಲ್ಲ ಎಂದೆ. ಅವಳು ಪಟ್ಟಿ ಮಡಚಿ, ಏನನ್ನೂ ಬರೆಯದೆ ನಿಂತಳು. ಮುಂದಿನ ಸಲ ಬಂದಾಗ ನಾನಾಗಿಯೇ ಒಪ್ಪಿಕೊಂಡೆ. "ಹೇಳಿದ್ದು ಒಳ್ಳೆಯದಾಯಿತು ಕಾಕಾ, ಆ ಮಡಿಯನ್ನು ಲೆಕ್ಕದಿಂದ ತೆಗೆಯುತ್ತೇನೆ" ಎಂದಳು. ಆದರೆ ಆ ಮಡಿ ಹೋದ ಮೇಲೆ ಉಳಿದ ಲೆಕ್ಕಕ್ಕೆ ಬಲ ಇರಲಿಲ್ಲ.

ಆದ್ದರಿಂದ ಹಾಕಿದ್ದೆಲ್ಲ ಬರೆಯಿರಿ, ಕದ್ದು ಹಾಕಿದ್ದನ್ನೂ. ದಿನಾಂಕ, ಮಡಿಯ ನಂಬರ್, ಏನು, ಎಷ್ಟು. ಕೂಲಿ ಮತ್ತು ಡೀಸೆಲ್ ಬರೆಯಿರಿ. ಕೂರಿಗೆ ಭತ್ತದಲ್ಲಿ ಸಸಿ ಮಡಿ, ಕೆಸರು ಹೊಡೆಯುವುದು, ನಾಟಿ ಮೂರೂ ತಪ್ಪುತ್ತವೆ. ಆ ಉಳಿತಾಯ ಎಲ್ಲರ ಬಾಯಲ್ಲಿದೆ. ಕಳೆ ತೆಗೆಯಲು ಎಷ್ಟು ಆಳು ಬಂದರು, ಎಷ್ಟು ದಿನ ಬಗ್ಗಿದರು ಎಂಬುದು ಮನೆಯ ಹೆಂಗಸರಿಗಷ್ಟೇ ಸರಿಯಾಗಿ ಗೊತ್ತಿರುತ್ತದೆ. ನೋಟುಬುಕ್ಕು ಅವರ ಕೈಗೂ ಹೋಗಲಿ. ನಮ್ಮಲ್ಲಿ ಕಳೆಯ ಲೆಕ್ಕ ಬರೆದವಳು ನನ್ನ ಹೆಂಡತಿ. ಅವಳ ಪುಟ ನೋಡುವವರೆಗೆ ಕೂರಿಗೆ ಭತ್ತದಲ್ಲಿ ದುಪ್ಪಟ್ಟು ಲಾಭ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದ್ದೆ.

ಹಂತ 7: ತೂಕ

ಕಟಾವಿನ ದಿನ ನೀವು ಅಲ್ಲಿರಲೇಬೇಕು. ಯಂತ್ರ ಗದ್ದೆಗೆ ಇಳಿಯುವ ಮುನ್ನ ಪ್ರತಿ ಮಡಿಯಲ್ಲಿ ಬದುವಿನಿಂದ ದೂರ, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ, ಕೈಯಿಂದ ಕೊಯ್ದು ಬಡಿದು ತೂಗಬೇಕು. ಬೆಳೆ ಚೆನ್ನಾಗಿರುವ ಜಾಗ ನೋಡಿ ಹಗ್ಗ ಹಾಕುವುದಲ್ಲ. ಇಲ್ಲಿಯೂ ಇಷ್ಟು ಹೆಜ್ಜೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಆ ಚೌಕದ ಒಂದು ಕಿಲೋ ಎಕರೆಗೆ ಸುಮಾರು 162 ಕಿಲೋಗೆ ಸಮ. 16 ಕಿಲೋ ಬಂತೆನ್ನಿ. ಎಕರೆಗೆ 2,592 ಕಿಲೋ, 75 ಕಿಲೋ ಚೀಲದ ಲೆಕ್ಕದಲ್ಲಿ ಮೂವತ್ತನಾಲ್ಕೂವರೆ ಚೀಲ. ಮೀಸೆ ತಿರುವುವ ಮುನ್ನ ತೇವಾಂಶ ನೋಡಿ. ಹಸಿ ಭತ್ತದಲ್ಲಿ ತೇವಾಂಶ ಶೇ 22 ಇದ್ದರೆ ಅದನ್ನು ಶೇ 14ಕ್ಕೆ ಇಳಿಸಿ ಲೆಕ್ಕ ಹಾಕಬೇಕು: 16ನ್ನು 78ರಿಂದ ಗುಣಿಸಿ 86ರಿಂದ ಭಾಗಿಸಿದರೆ ಹದಿನಾಲ್ಕೂವರೆ ಕಿಲೋ. ಎಕರೆಗೆ ಮೂವತ್ತೊಂದು ಚೀಲ ಚಿಲ್ಲರೆ. ಮೂರು ಚೀಲ ನೀರಾಗಿಯೇ ಹೋಯಿತು. ಒಂದು ಮಡಿಯನ್ನು ಬೆಳಗ್ಗೆ ಇಬ್ಬನಿಯಲ್ಲಿ, ಇನ್ನೊಂದನ್ನು ಮಧ್ಯಾಹ್ನ ತೂಗಿದ ಪ್ರಯೋಗಗಳಲ್ಲಿ ಯಾವುದು ಗೆದ್ದಿತೆಂದು ಕೇಳಬೇಡಿ. ತೇವಾಂಶ ಅಳೆಯುವ ಯಂತ್ರ ವಿಜ್ಞಾನಿಗಳ ಬಳಿ ಇರುತ್ತದೆ, ಇಲ್ಲದಿದ್ದರೆ ರೈಸ್ ಮಿಲ್ಲಿನಲ್ಲಿ ಇರುತ್ತದೆ.

ಇಳುವರಿಯ ಪಕ್ಕದಲ್ಲೇ ಖರ್ಚನ್ನೂ ಬರೆಯಿರಿ. ನನ್ನ ಗದ್ದೆಯಲ್ಲಿ ಕೂರಿಗೆ ಭತ್ತ ನಾಟಿಗಿಂತ ಎರಡು ಚೀಲ ಕಡಿಮೆ ಕೊಟ್ಟಿತು. ಕಳೆಯ ಕೂಲಿ ಕಳೆದ ಮೇಲೂ ಕೈಯಲ್ಲಿ ಉಳಿದದ್ದು ಅದರಲ್ಲೇ ಹೆಚ್ಚು. ದುಪ್ಪಟ್ಟಂತೂ ಅಲ್ಲ.

ಹಂತ 8: ಫಲಿತಾಂಶವನ್ನು ಊರಿಗೆ ತರಿಸಿಕೊಳ್ಳುವುದು

ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಪದವಿ ಸಿಗುತ್ತದೆ, ಯೋಜನೆ ಮುಗಿಯುತ್ತದೆ. ಸಹಿ ಹಾಕುವ ದಿನವೇ "ಕಟಾವಾದ ಮೂರು ತಿಂಗಳೊಳಗೆ ಊರಿನಲ್ಲಿ ಸಭೆ, ಒಂದು ಪುಟದ ಕನ್ನಡ ವರದಿ" ಎಂದು ಬರೆಸಿಕೊಂಡಿದ್ದರೆ ಮಾತ್ರ ಇದು ನಡೆಯುತ್ತದೆ. ವರದಿಯಲ್ಲಿ ನಿಮ್ಮ ಮಡಿಗಳ ಅಂಕಿಗಳು ಬಿಡಿಬಿಡಿಯಾಗಿ ಇರಲಿ, ಬರೀ ಸರಾಸರಿ ಬೇಡ. ಸೋತ ಮಡಿಯ ಅಂಕಿಯೂ ಇರಲಿ. ನಿಮ್ಮ ನೋಟುಬುಕ್ಕನ್ನು ಮೂಲವಾಗಿ ಯಾರಿಗೂ ಕೊಡಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಲು ಹೇಳಿ.

ಸಭೆಯನ್ನು ಪಂಚಾಯಿತಿ ಕಟ್ಟಡದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಬರುವವರು ಸದಸ್ಯರು ಮತ್ತು ಬಿಡುವಾಗಿರುವವರು. ಸೊಸೈಟಿಯ ಕಟ್ಟೆಯ ಮೇಲೆ ಇಡಿ, ಸಂಜೆ ಏಳರ ಮೇಲೆ. ಕಳೆ ತೆಗೆಯಲು ವಲಸೆ ಬಂದ ರೈತರ ಕ್ಯಾಂಪುಗಳ ಕಡೆ ಹೋದ ಹೆಂಗಸರ ಟಂಟಂ ಆಟೊ ಅದಕ್ಕಿಂತ ಮುಂಚೆ ಊರು ಸೇರುವುದಿಲ್ಲ.